ಹೊಂಡದ ಬಡಗಿ

ಅಯ್ಯಯ್ಯೋ ಮಾವ, ಅಲ್ಲಿ ಕಾಲಿಡಬೇಡಿ! ಎಡಗಡೆ... ಎಡಗಡೆ ಕಲ್ಲಿದೆ ನೋಡಿ, ಅದರ ಮೇಲೆ ಬನ್ನಿ. ಹಾಂ, ಹಾಗೆ. ಚಪ್ಪಲಿ ಒದ್ದೆ ಆಯ್ತಾ? ಆಗ್ಲಿ ಬಿಡಿ, ಹೊಂಡ ನೋಡೋಕೆ ಬಂದು ಚಪ್ಪಲಿ ಒಣಗಿರಬೇಕು ಅಂದ್ರೆ ಹೇಗೆ? ನೀವೀಗ ನಿಂತಿದೀರಲ್ಲ, ಅಲ್ಲಿನ ಹುಲ್ಲಲ್ಲೇ ಹೋದ ವರ್ಷ ನಮ್ಮ ಕಪ್ಪೆ ಮೊಟ್ಟೆ ಇಟ್ಟಿತ್ತು... ಈಗಿಲ್ಲ, ಈಗಿಲ್ಲ, ಹಾರಬೇಡಿ! ಈ ವಯಸ್ಸಲ್ಲಿ ನೀವು ಹೀಗೆ ಹಾರಿದ್ರೆ ಕಪ್ಪೆಗಳು ನಾಚ್ಕೊಳ್ತವೆ.

ಯಾಕೆ ಹಾಗೆ ನೋಡ್ತೀರ? ಆಯ್ತು, ಆಯ್ತು, ಗಂಭೀರವಾಗಿ ಮಾತಾಡ್ತೀನಿ. ಸ್ಕೂಲ್ ಗೇಟಿನ ಒಳಗೆ ನಾನು ಸೊಸೆ ಅಲ್ಲ, ಜೀವಶಾಸ್ತ್ರದ ಟೀಚರ್. ನೀವೂ ಮಾವ ಅಲ್ಲ, ಆಡಳಿತ ಕಮಿಟಿ ಅಧ್ಯಕ್ಷರು. ನಾಳೆ ಬೆಳಿಗ್ಗೆ ನೀವು ಹೂಂ ಅಂದ್ರೆ ಮಣ್ಣಿನ ಲಾರಿ ಬಂದು ಹೊಂಡ ಮುಚ್ಚುತ್ತೆ, ಇಲ್ಲಿ ಬಸ್ಸು ನಿಲ್ಲುತ್ತೆ. ಉಹೂಂ ಅಂದ್ರೆ... ನೀವು ಯಾವತ್ತು ಉಹೂಂ ಅಂದಿದೀರ ಹೇಳಿ? ಹೂಂ ಅಂದಿದ್ದೂ ನಾನು ಕೇಳಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತ ನೀವು ಬಂಗಾರದ ಅಂಗಡಿನೇ ಇಟ್ಟುಬಿಟ್ಟಿದೀರ. ನಾನು ಬೆಳ್ಳಿ ಮಾರ್ಕೊಂಡು ಬದುಕೋಳು.

ಬಸ್ಸಿಗೆ ಜಾಗ ಬೇಕು, ಒಪ್ಪಿದೆ. ಆ ಐದನೇ ಕ್ಲಾಸಿನ ಹುಡುಗಿ ರಸ್ತೆಲಿ ಇಳಿಯೋವಾಗ ಬೈಕ್ ತಾಗಿ ಬಿದ್ಲಲ್ಲ, ಅವಳ ಮೊಣಕೈ ತೊಳೆದು ಪಟ್ಟಿ ಕಟ್ಟಿದ್ದೇ ನಾನು. ಅದಕ್ಕೇ ಬೇರೆ ಜಾಗ ತೋರಿಸಿದೀನಿ. ಹಳೇ ಸೈಕಲ್ ಸ್ಟ್ಯಾಂಡಲ್ಲಿ ಮುರುಕು ಬೆಂಚು ಬಿಟ್ರೆ ಇನ್ನೇನಿದೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು... ಹಾವು ಅಂದೆ ಅಂತ ಕಾಲ ಬುಡ ನೋಡ್ಕೋಬೇಡಿ ಮಾವ, ಗಾದೆ ಹೇಳಿದೆ ಅಷ್ಟೇ. ಇಲ್ಲಿರೋದು ಒಂದೇ ಒಂದು ನೀರುಹಾವು. ವಿಷ ಇಲ್ಲ, ಪಾಪದ್ದು. ಆಚೆ ದಡದಲ್ಲೇ ಇರುತ್ತೆ... ಸಾಮಾನ್ಯವಾಗಿ.

ಕಮಿಟಿಯೋರನ್ನ ಒಪ್ಪಿಸೋದು ಅಂದ್ರೆ ಕಪ್ಪೆ ತೂಕ ಮಾಡಿದ ಹಾಗೆ ಅಂತಾರೆ ನಮ್ಮ ಹೆಡ್ ಮೇಡಂ. ನಾನು ನಿಜವಾಗ್ಲೂ ಕಪ್ಪೆ ತೂಗಿರೋಳು ಮಾವ! ಒಂದು ಪುಟ್ಟ ತಕ್ಕಡಿ, ಮೇಲೊಂದು ಮುಚ್ಚಳ, ಮುಗೀತು. ನಿಮ್ಮ ಕಮಿಟಿಗೆ ಎಲ್ಲಿದೆ ಮುಚ್ಚಳ? ಕೊನೆಗೆ ಎಲ್ಲ ಸೇರಿ ಏನಂದ್ರು? ‘ಆ ಕಪ್ಪೆ ಇನ್ನೂ ಇದ್ರೆ ಹೊಂಡ ಇರ್ಲಿ. ಇದೆ ಅಂತ ಅಧ್ಯಕ್ಷರೇ ಕಿವಿಯಾರೆ ಕೇಳ್ಲಿ.’ ಕೇಳಿ ಹಾಗಾದ್ರೆ! ಅದಕ್ಕೇ ತಾನೆ ನಿಮ್ಮನ್ನ ಕಾಫಿ ಲೋಟ ಕೆಳಗಿಡೋಕೂ ಬಿಡದೆ ಕರ್ಕೊಂಡು ಬಂದಿದ್ದು.

ಹೇಗಿದೆ ಗೊತ್ತಾ ಅದು? ಹೆಬ್ಬೆರಳಿನ ಉಗುರಷ್ಟು. ಕೂಗಿದ್ರೆ ಮಾತ್ರ ಯಾರೋ ಉಳಿ ಇಟ್ಟು ಮರ ಕೆತ್ತಿದ ಹಾಗೆ... ಟಕ್... ಟಕ್ ಟಕ್. ಅದಕ್ಕೇ ಮಕ್ಕಳು ಬಡಗಿ ಅಂತಾರೆ. ಚರಂಡಿ, ಪಾರ್ಕಿನ ಕೊಳ, ಇಟ್ಟಿಗೆ ಭಟ್ಟಿ ಹಿಂದಿನ ಗುಂಡಿ, ಎಲ್ಲಾ ಕಡೆ ಹುಡುಕಿದೀನಿ. ನಿಮ್ಮ ಮಗ ಭಾನುವಾರದ ನಿದ್ದೆ ಬಿಟ್ಟು ಬಕೆಟ್ ಹಿಡ್ಕೊಂಡು ಹಿಂದೆ ಹಿಂದೆ! ಎಲ್ಲೂ ಇಲ್ಲ. ಇದ್ರೆ ಇಲ್ಲೇ. ಹೊಟ್ಟೆ ಮೇಲಿನ ಚುಕ್ಕೆ ನೋಡಿದ್ರೆ ಇದು ಇಂಥದ್ದೇ ಅಂತ ಗುರುತು ಹಿಡೀತೀನಿ. ಒಂದಕ್ಕೆ ಅಧ್ಯಕ್ಷ ಅಂತಾನೇ ಹೆಸರಿಟ್ಟಿದೀವಿ. ಎಲ್ಲ ಗಂಡುಗಳೂ ಕೂಗ್ತಿದ್ರೂ ಅದೊಂದು ಬಾಯಿ ಬಿಡದೆ ಕೂತಿರುತ್ತೆ.

ಯಾಕೆ ಮಾವ, ನಗು ಬಂತಾ? ಮೀಸೆ ಅಲ್ಲಾಡ್ತಪ್ಪ!

ಶ್... ಶ್! ಕೇಳಿಸ್ತಾ? ಆ ಪೊದೆ, ಆ ದಪ್ಪ ಪೊದೆ. ಟಕ್... ಟಕ್ ಟಕ್... ಕೇಳಿಸ್ತಾ ಇದೆ ತಾನೆ? ನಾನು ಹೇಳ್ಲಿಲ್ವಾ! ಆಹಾ, ಏನು ಕೆತ್ತನೆ, ಏನು ಕೆತ್ತನೆ! ಆಯ್ತು, ಕೇಳಿದ್ರಲ್ಲ, ನಡೀರಿ ಹೋಗೋಣ. ಸೊಳ್ಳೆ ಬೇರೆ. ಅತ್ತೆ ಕಾಯ್ತಿರ್ತಾರೆ.

ಬನ್ನಿ ಮಾವ... ಯಾಕೆ ನಿಂತುಬಿಟ್ರಿ? ಮೌನ ಸಮ್ಮತಿ ಲಕ್ಷಣ ಅಂತಾರೆ, ನೀವು ಒಪ್ಪಿದ ಹಾಗೇ ಅಂದ್ಕೋತೀನಿ. ಅಯ್ಯೋ, ಪೊದೆ ಕಡೆ ಯಾಕೆ ಹೋಗ್ತೀರ? ಬೇಡ! ಜಾರುತ್ತೆ! ಹೆಜ್ಜೆ ಸಪ್ಪಳ ಕೇಳಿದ್ರೆ ಕಪ್ಪೆ ಕೂಗು ನಿಲ್ಲಿಸಿಬಿಡುತ್ತೆ, ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು...

ಏನು, ಕಿವಿ ತೋರಿಸ್ತೀರ? ...ಹೌದು. ನಿಂತಿಲ್ಲ. ಇನ್ನೂ ಕೂಗ್ತಾನೇ ಇದೆ. ಅದು... ಅದು ಸ್ವಲ್ಪ ಧೈರ್ಯಸ್ಥ ಕಪ್ಪೆ.

ಮಾವ, ಏನಾದ್ರೂ ಮಾತಾಡಿ. ಕಮಿಟಿ ವಿಷಯ ಹೇಳಿ. ಅತ್ತೆ ಸೊಂಟನೋವು ಹೇಗಿದೆ? ಒಂದು ಮಾತು... ಜೋರಾಗಿ ಒಂದು ಸಲ ಕೆಮ್ಮಿದ್ರೂ ಸಾಕು. ಹ್ಹ... ಹ್ಹಕ್ಕ್... ನಂಗೇ ಕೆಮ್ಮು ಬರ್ತಾ ಇದೆ ನೋಡಿ... ಏನು, ಸುಮ್ನಿರಬೇಕಾ? ಈಗ್ಲೇನಾ? ಈಗ ಮಾತ್ರ ಬೇಡ ಮಾವ, ಇನ್ನೊಂದು ಚೂರು ಹೊತ್ತು...

......

ಅದು... ಅದು ಯಾರ ದನಿ ಅಂದ್ರೆ...

‘ಬಡಗಿ ಕಪ್ಪೆ, ಗಂಡು, ಮೋಡ ಇದೆ, ಗಾಳಿ ಇಲ್ಲ’ ಅಂತ ಪೊದೆಯೊಳಗಿಂದ ಕಪ್ಪೆನೇ ಹೇಳ್ತು ಅಂದ್ರೆ ನಂಬ್ತೀರಾ? ಓದಿದ ಕಪ್ಪೆ ಮಾವ, ಸ್ಕೂಲಿನ ಹೊಂಡದ್ದಲ್ವಾ... ಅಯ್ಯಯ್ಯೋ, ಇನ್ನೂ ಮಾತಾಡ್ತಾ ಇದೆ! ‘ಮನೆಗೆ ಹೋಗಿ ಅತ್ತೆಗೆ ಸ್ಟಾಫ್ ಮೀಟಿಂಗ್ ಇತ್ತು ಅಂತ ಹೇಳ್ಬೇಕು’... ದೇವರೇ, ಅದೂ ರೆಕಾರ್ಡ್ ಆಗಿದ್ಯಾ!

ಕೈ ಹಾಕಿ, ಹಾಕಿ. ಇನ್ನೇನು ಮುಚ್ಚಿಡೋದು? ನನ್ನ ಟಿಫನ್ ಡಬ್ಬಿ, ಅದರೊಳಗೆ ನನ್ನ ಹಳೇ ಫೋನು. ಈ ಹೊತ್ತಿಗೆ ಸರಿಯಾಗಿ ಕೂಗ್ಲಿ ಅಂತ ಆ ರೆಕಾರ್ಡನ್ನೇ ಅಲಾರಂ ಮಾಡಿ ಇಟ್ಟಿದ್ದೆ. ಬಲಗಡೆ ಗುಂಡಿ ಒತ್ತಿದ್ರೆ ಆಫ್ ಆಗುತ್ತೆ. ಆಯ್ತಲ್ಲ. ನಮ್ಮ ಕೆಲಸದ ರೀತಿ ಅದು ಮಾವ. ಕೂಗು ರೆಕಾರ್ಡ್ ಮಾಡಿದ ಮೇಲೆ ಅದೇ ರೆಕಾರ್ಡಿಗೆ ಯಾವ ಕಪ್ಪೆ, ಮೋಡ ಹೇಗಿತ್ತು, ಗಾಳಿ ಹೇಗಿತ್ತು ಅಂತ ಬಾಯಲ್ಲೇ ಹೇಳಿಬಿಡೋದು, ಆಮೇಲೆ ಮರೀಬಾರದು ಅಂತ. ಇವತ್ತು ಆ ಬಾಲ ಕತ್ತರಿಸಬೇಕಾಗಿತ್ತು. ಬಾಲ ಉದುರಿದ ಮೇಲೇ ಕಪ್ಪೆ ಅಂತ ಮಕ್ಕಳಿಗೆ ಪಾಠ ಮಾಡ್ತೀನಿ, ನನ್ನ ಕಪ್ಪೆಗೇ ಬಾಲ ಬಿಟ್ಟುಬಿಟ್ಟೆ. ನೀವು ಒಂದು ಮಾತಾಡಿದ್ರೂ ಸಾಕಿತ್ತು, ಅದು ಕೇಳಿಸ್ತಾನೇ ಇರ್ಲಿಲ್ಲ!

ಬೈದುಬಿಡಿ ಮಾವ. ಹಾಗೆ ನೋಡಬೇಡಿ, ಬೈಯೋದೇ ವಾಸಿ.

...ಆಯ್ತು, ಹೇಳ್ತೀನಿ. ಅದು ಹೋದ ವರ್ಷದ ಕೂಗು. ಈ ಮಳೆಗಾಲ ಒಂದು ಸಲವೂ ಕೇಳಿಲ್ಲ. ಒಂದೇ ಒಂದು ಟಕ್ ಇಲ್ಲ. ಕಮಿಟಿ ಮುಂದೆ ಇದೆ ಇದೆ ಅಂತ ಎದೆ ತಟ್ಟಿ ಹೇಳಿದ್ದೆಲ್ಲ ಬರೀ ಬಾಯಿಮಾತು. ಲಾರಿ ಬರೋಕೆ ಮುಂಚೆನೇ ಎಲ್ಲ ಮುಗಿದುಹೋಗಿದ್ಯೇನೋ ಅಂತ ನಂಗೆ ಭಯ ಮಾವ. ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ ನಿಮ್ಮ ಮಗನಿಗೂ ಹೇಳಿಲ್ಲ. ದಿನಾ ಸಂಜೆ ಬಂದು ಈ ಕಲ್ಲಿನ ಮೇಲೇ ಕೂತ್ಕೋತೀನಿ. ಕರೀತೀನಿ, ಗೋಗರೀತೀನಿ, ಬೈತೀನಿ. ಕ್ಲಾಸಲ್ಲಿ ನಡೆದಿದ್ದೆಲ್ಲ ಹೇಳ್ತೀನಿ. ಬಡಗಿ, ಬಾರಪ್ಪ, ಒಂದು ಸಲ ಕೆತ್ತಪ್ಪ ಅಂತ ಕತ್ತಲಾಗೋವರೆಗೂ ಒಂದೇ ಸಮ ಮಾತಾಡ್ತೀನಿ...

ಹೋದ ವರ್ಷ ಕೂಗು ಹೇಗೆ ಸಿಕ್ತು ಅಂತಾನಾ? ಹೋದ ವರ್ಷ ಗಂಟಲು ಕಟ್ಟಿತ್ತಲ್ಲ ನಂಗೆ. ಮನೆ ತಣ್ಣಗಿದೆ ಅಂತ ಅತ್ತೆ ಊರಿಗೆಲ್ಲ ಹೇಳ್ಕೊಂಡು ಓಡಾಡಿದ್ರಲ್ಲ, ಆ ವಾರ. ಆ ರೆಕಾರ್ಡಲ್ಲೂ ದನಿ ಒಡೆದಿದೆ ನೋಡಿ. ಮಾತಾಡೋಕೆ ಆಗ್ತಿರ್ಲಿಲ್ಲ, ಸುಮ್ನೆ ಬಂದು ಕೂತಿದ್ದೆ...

ಸುಮ್ನೆ...

ಏನು ಮಾವ, ತುಟಿ ಮೇಲೆ ಬೆರಳು? ...ಓ.

ಅಯ್ಯೋ. ಅಯ್ಯೋ ನನ್ನ ಬಾಯೇ. ಹೆಜ್ಜೆ ಸಪ್ಪಳಕ್ಕೇ ನಿಲ್ಲಿಸೋ ಪ್ರಾಣಿ... ದಿನಾ ನಾನೇ ಇಲ್ಲಿ ಕೂತು... ಆಯ್ತು, ಆಯ್ತು, ಮುಚ್ಚಿದೆ. ಇಗೋ ಮುಚ್ಚೇ ಬಿಟ್ಟೆ. ನೀವಾಗ್ಲೇ ಕಲ್ಲಿನ ಮೇಲೆ ಕೂತುಬಿಟ್ರಾ? ಜಾಗ ಮಾಡಿ, ನಾನೂ ಕೂತ್ಕೋತೀನಿ. ಇನ್ನು ಒಂದೇ ಒಂದು ಮಾತೂ... ಉಹೂಂ, ಇಲ್ಲ.

......

......

ಮಾವ... ಮೆಲ್ಲಗೆ ಕೇಳ್ತಿದೀನಿ, ಬೈಬೇಡಿ. ಫೋನು ನಿಮ್ಮ ಕೈಯಲ್ಲೇ ಇದೆ ಅಲ್ವಾ? ಆಫ್ ಆಗೇ ಇದೆ ಅಲ್ವಾ? ...ಹಾಗಾದ್ರೆ ಕೂಗ್ತಿರೋದು ಯಾರು?