ವರ್ಲಿನ್ ಹೊಲಕ್ಕೆ ಹೋದವರು

ಕಾಳಿನ ಗೋದಾಮಿನ ಮುಂದೆ ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿದ್ದವು. ನೆಬ್ರಾಸ್ಕದ ನಮ್ಮೂರಲ್ಲಿ ಅಕ್ಟೋಬರ್ ಪೂರ್ತಿ ಇದೇ ಪಾಡು. ನನ್ನ ಮುಂದಿನ ಲಾರಿಗೆ ಒರಗಿ ನಮ್ಮೂರ ರೈತರಾದ ಗೇಲನ್, ಡೆಲ್ಬರ್ಟ್ ಮಾತಾಡುತ್ತಿದ್ದರು. ಗೇಲನ್ ಕೇಳಿದ:

"ಶನಿವಾರ ವರ್ಲಿನ್ ಹೊಲ ಕೊಯ್ಯೋಕೆ ಎಷ್ಟು ಮಿಷನ್ ಬಂದಿದ್ವು?"

"ಒಂದೂ ಇಲ್ವಂತೆ."

"ತಮಾಷೆ ಬೇಡ ಮಾರಾಯ. ಹಾಸಿಗೆ ಹಿಡಿದೋನ ಹೊಲ ಊರೇ ಸೇರಿ ಕೊಯ್ಯೋದಲ್ವಾ? ಹೋದ್ವರ್ಷ ಆ ಜಗಳಗಂಟ ರಾಸ್ಕೋಗೇ ಒಂಬತ್ತು ಹೋಗಿದ್ವು."

"ಅವನ ಹೊಲಕ್ಕೆ ಬೇರೆ ಯಾರೂ ಬರಲ್ಲ ಅಂತ ನಮಗೆಲ್ಲ ಗೊತ್ತಿತ್ತಲ್ಲ, ಅದಕ್ಕೇ ಎಲ್ಲರೂ ಹೋದ್ವಿ."

"ಮೂವತ್ತು ವರ್ಷ ಎಲ್ಲರ ಹೊಲಕ್ಕೂ ಮೊದಲು ಬರ್ತಿದ್ದೋನು ವರ್ಲಿನ್. ನಿನ್ನ ಬೆನ್ನು ಮುರಿದಾಗ್ಲೂ."

"ಗೊತ್ತು ಕಣೋ. ಅಂಥೋನಿಗೆ ಜನಕ್ಕೇನು ಬರವಾ ಅಂದ್ಕೊಂಡೆ. ನೀನ್ಯಾಕೆ ಹೋಗ್ಲಿಲ್ಲ?"

"ನಾನೂ ಅದನ್ನೇ ಅಂದ್ಕೊಂಡೆ."

ಗೇಲನ್ ಮತ್ತೆ ಕೇಳಿದ:

"ಮತ್ತೆ ಅವನ ಹೆಂಡ್ತಿ ಆರ್ಡಿಸ್ ಅವತ್ತು ಸಂಜೆ ಮನೆಮನೆಗೂ ತಟ್ಟೇಲಿ ಸೇಬಿನ ಸಿಹಿ ಪೈ ಕೊಟ್ಟುಹೋದ್ಲಲ್ಲ? ಬಂದೋರು ಉಂಡು ಮಿಕ್ಕಿದ್ದು ಅಂದ್ಕೊಂಡಿದ್ದೆ."

"ನಲವತ್ತು ಜನಕ್ಕೆ ಮಾಡಿದ್ಲಂತೆ. ತಟ್ಟೆ ಮುಟ್ಟೋಕೆ ಒಬ್ಬರೂ ಬರ್ಲಿಲ್ಲ."

"ನಿಮ್ಮನೇಲಿ ಏನಾದ್ರೂ ಅಂದ್ಲಾ?"

"'ನಿಮಗೂ ಕೊಯ್ಲು, ದಣಿದಿರ್ತೀರಿ, ತಿನ್ನಿ' ಅಂದ್ಲು."

"ತಿಂದ್ಯಾ?"

"ಎರಡು ಸಲ ಹಾಕಿಸ್ಕೊಂಡೆ."

ಸಾಲು ಮುಂದೆ ಸರಿಯಿತು. ಇಬ್ಬರೂ ತಮ್ಮ ತಮ್ಮ ಲಾರಿ ಹತ್ತಿದರು. ನಾನೂ ಹತ್ತಿದೆ. ನಮ್ಮನೆಯಲ್ಲಿ ಆರ್ಡಿಸ್ ಕೊಟ್ಟುಹೋದ ತಟ್ಟೆ ಇನ್ನೂ ಹಿಂದಿರುಗಿಸದೆ ಹಾಗೇ ಇದೆ.