ಗದ್ದೆಯ ಮೇಲ್ಮಣ್ಣಿಗಾಗಿ ಅಡ್ಡ ನಿಂತ ಸಂಘಮಿತ್ರಾ

ಸಭೆಯ ಹಿರಿಯರೇ, ಹೊಳೆಹೊನ್ನೂರಿನಿಂದ ಬಂದ ರೈತ ಬಂಧುಗಳೇ, ಸಂಘಮಿತ್ರಾ ಅವರ ತಾಯಿ ಕಾಶಮ್ಮನವರೇ, ಪತಿ ಸತೀಶ್ ಅವರೇ — ಎಲ್ಲರಿಗೂ ನಮಸ್ಕಾರ.

ಸಂಘಮಿತ್ರಾ ಕಾಗದನಗರದಲ್ಲಿ ಬೆಳೆದವರು. ಇಲ್ಲಿ ಶಿವಮೊಗ್ಗದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲ್ಲು ಅವರದು. ಡೆಂಗಿ ಜ್ವರ ಅವರನ್ನ ಕರ್ಕೊಂಡು ಹೋಯ್ತು. ಹೊಗಳಿದ್ರೆ ಅವರಿಗೆ ಆಗ್ತಿರಲಿಲ್ಲ. ನಡೆದದ್ದನ್ನಷ್ಟೇ ಹೇಳ್ತೀನಿ.

ಈ ಬೇಸಿಗೇಲಿ ನಾವಿಬ್ಬರೂ ಮಣ್ಣಿನ ಸ್ಯಾಂಪಲ್ ತರೋಕೆ ಹೊಳೆಹೊನ್ನೂರಿನ ಕಡೆ ಹೋಗಿದ್ವಿ. ಈಶ್ವರಪ್ಪನವರು — ಇಲ್ಲೇ ಕೂತಿದ್ದಾರೆ — ಅವರ ಗದ್ದೆ ಚಾನಲ್‌ಗಿಂತ ಎತ್ತರ. ನೀರು ಹತ್ತಲ್ಲ. ಇಟ್ಟಿಗೆ ಭಟ್ಟಿಯವನೊಬ್ಬ, “ನಾನೇ ಮಣ್ಣು ಎತ್ಕೊಂಡು ತಗ್ಗು ಮಾಡಿಕೊಡ್ತೀನಿ” ಅಂದಿದ್ದ. ಜೆಸಿಬಿ ಗದ್ದೆಗೆ ಇಳಿದಿತ್ತು.

“ನಮಗ್ಯಾಕೆ, ಬನ್ನಿ” ಅಂದೆ ನಾನು. ಅವರು ಬರಲಿಲ್ಲ. ಹೋಗಿ ಜೆಸಿಬಿಯ ಬಕೆಟ್ ಎದುರಿಗೆ ನಿಂತರು. ಹೀಗೆ — ಕೈ ಕಟ್ಟಿಕೊಂಡು. “ಮೇಲ್ಮಣ್ಣು ಒಯ್ಯಬೇಡಿ, ಎರೆಹುಳವೆಲ್ಲ ಸಾಯ್ತವೆ” ಅಂದರು.

ಈಶ್ವರಪ್ಪನವರು ಕೆಂಡವಾದರು. “ಮೇಡಂ, ನೀರು ಹತ್ತದ ಗದ್ದೇಲಿ ಎರೆಹುಳ ಇದ್ರೇನು, ಸತ್ರೇನು? ನಾನು ಉಣ್ಬೇಕು!”

“ತಗ್ಗು ಮಾಡಬೇಡಿ ಅಂತ ಯಾರಂದ್ರು?” ಅಂದರು ಸಂಘಮಿತ್ರಾ. “ಮೇಲಿನ ಒಂದು ಗೇಣು ಮಣ್ಣು ಬದಿಗೆ ರಾಶಿ ಹಾಕ್ಸಿ. ಜೀವ ಹೆಚ್ಚು ಇರೋದು ಅದರಲ್ಲೇ. ಎರೆಹುಳ, ಬೂಷ್ಟು, ಕಣ್ಣಿಗೆ ಕಾಣದ ಲೆಕ್ಕವಿಲ್ಲದ ಜೀವ. ಪೈರಿಗೆ ಉಣಿಸೋದೇ ಅವು. ಅದರ ಕೆಳಗಿನ ಮಣ್ಣು ಭಟ್ಟಿಗೆ ಹೋಗಲಿ. ಆಮೇಲೆ ರಾಶೀನ ವಾಪಸ್ ಹರಡ್ಸಿ.”

“ಡಬಲ್ ಕೆಲಸ, ಆಗಲ್ಲ. ನಡಿಯೋ!” ಅಂತ ಭಟ್ಟಿಯವನು ಕೂಗಿದ. ಡ್ರೈವರ್ ಬಕೆಟ್ ಎತ್ತಿದ. ಅದು ಅವರ ತಲೆ ಮೇಲೇ ಬಂತು — ಮಣ್ಣು ಹೆಗಲಿಗೆ ಉದುರ್ತಿದೆ. ಸಂಘಮಿತ್ರಾ ಅಲ್ಲಾಡಲಿಲ್ಲ.

“ನಿಲ್ಸೋ!” ಈಶ್ವರಪ್ಪನವರೇ ಅಡ್ಡ ಓಡಿದರು. ಸಿಟ್ಟೇನೂ ಇಳಿದಿರಲಿಲ್ಲ. “ಈಯಮ್ಮನಿಗೆ ಏನಾದ್ರೂ ಆದ್ರೆ ನಾನು ಊರಲ್ಲಿ ಮುಖ ಎತ್ಕೊಂಡು ಓಡಾಡೋದು ಹೆಂಗೆ? ಆಕೆ ಹೇಳ್ದಂಗೇ ಮಾಡು, ಮಾರಾಯ!”

ಹಾಗೇ ಆಯ್ತು. ಮಳೆಗಾಲದಲ್ಲಿ ಗದ್ದೆಗೆ ನೀರು ಹತ್ತಿತು. ಅಷ್ಟರಲ್ಲಿ ಸಂಘಮಿತ್ರಾ ಆಸ್ಪತ್ರೆ ಸೇರಿದ್ದರು. ಈಶ್ವರಪ್ಪನವರು ನೋಡೋಕೆ ಬಂದಾಗ ನಾನೂ ಅಲ್ಲಿದ್ದೆ.

“ಬದುವಿನ ಹತ್ರ ಎರೆಹುಳ ಕಾಣ್ತಾ?” ಅಂತ ಸಂಘಮಿತ್ರಾ ಕೇಳಿದರು.

ಈಶ್ವರಪ್ಪನವರು ತಲೆ ತಗ್ಗಿಸಿದರು. “ಇಲ್ಲ ಮೇಡಂ. ಇನ್ನೂ ಇಲ್ಲ.”

“ಕೆದಕಿದ ಮಣ್ಣಲ್ವಾ, ಗಾಯ ಮಾಯೋಕೆ ಟೈಮ್ ಬೇಕು. ಕೊಯ್ಲಾದ ಮೇಲೆ ಹುಲ್ಲು ಸುಡಬೇಡಿ. ಅಲ್ಲೇ ಕೊಳೆಯೋಕೆ ಬಿಡಿ.” ಆಮೇಲೆ ಅವರ ಕೈ ಹಿಡ್ಕೊಂಡು, “ನನ್ನ ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ ನೀವು” ಅಂದರು.

ನಾನು ಅವರ ಬಾಯಿಂದ ಕೇಳಿದ ಕೊನೇ ಮಾತು ಅದು.

ಈಗ ಎಲ್ಲರೂ ಎದ್ದು ನಿಲ್ಲೋಣ. ಒಂದಿಷ್ಟು ಹೊತ್ತು ಮೌನವಾಗಿರೋಣ — ಫೋನ್ ಬಂದ್ ಮಾಡಿ. ಹೊಳೆಹೊನ್ನೂರಿನ ಕೆಂಚಪ್ಪನವರೇ, ನಿಮ್ಮ ಗದ್ದೆಗೂ ಇವತ್ತು ಮಣ್ಣೆತ್ತೋಕೆ ಜೆಸಿಬಿ ಬಂದು ನಿಂತಿದೆ, ಡ್ರೈವರ್ ಫೋನ್ ಮಾಡಿ ಕರೀತಾ ಇದ್ದಾನೆ, ಗೊತ್ತು.

ಕಾಯಲಿ. ಏಳಿ.