ಕೂಡಿದ ಕಾಲ್ಬೆರಳು

ಆಸ್ಪತ್ರೆಯಲ್ಲಿ ಪಕ್ಕದ ಬೆಂಚಿನ ಗರ್ಭಿಣಿ, ಅವಳ ಗಂಡ ಮಾತಾಡುತ್ತಿದ್ದರು. ಕಿವಿಗೊಡಬಾರದೆಂದು, ಸರದಿಗೆ ಕಾಯುತ್ತಿದ್ದ ದರ್ಜಿಯೊಬ್ಬ ಪೇಪರ್ ಬಿಡಿಸಿದ. ಆದರೂ ಕೇಳಿಸಿತು.

“ಡಾಕ್ಟ್ರು ಹೇಳಿದ್ದು ಇನ್ನೊಂದ್ಸಲ ಹೇಳ್ರೀ.”

“ಜೀವಕೋಶದ ಸುತ್ತ ಪೊರೆ ಇರುತ್ತೆ, ಗೋಡೆ ಥರ. ಅದಕ್ಕೆ ಕೊಲೆಸ್ಟರಾಲ್ ಬೇಕು. ನಮ್ಮ ಪುಟ್ಟನ ಮೈಯಲ್ಲಿ ಅದು ಪೂರ್ತಿ ತಯಾರಾಗ್ಲಿಲ್ಲ. ಅರ್ಧಂಬರ್ಧ ಆಗಿದ್ದೇ ಗೋಡೆ ಸೇರ್ಕೊಳ್ತು.”

“ಹಸಿ ಇಟ್ಟಿಗೆ ಇಟ್ಟ ಹಾಗೆ.”

“ಹೂಂ.”

“ಅದಕ್ಕೇ ಕಾಲ್ಬೆರಳು ಕೂಡ್ಕೊಂಡಿದ್ವಾ?”

“ಅದಕ್ಕೇ ಅಂತೆ. ಅದಕ್ಕೇ ಅವನು ಉಳೀಲಿಲ್ಲ.”

“ಈ ಮಗೂಗೂ ಹಾಗೇ ಇದ್ರೆ, ಅವನೇ ವಾಪಸ್ ಬಂದ ಹಾಗಲ್ವಾ?”

“ಸುಮ್ನಿರೇ!”

“ದಿನಾ ಕರೀತಿದ್ದೆ ಕಣ್ರೀ, ಬಾ ಬಾ ಅಂತ. ಕೇಳಿಸ್ಕೊಂಡ್ಬಿಟ್ನೇನೋ.”

ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆಯ ರಿಪೋರ್ಟ್ ಬಂದಿದೆಯೆಂದು ಒಳಗಿನಿಂದ ಕರೆದರು. ಅವಳು ಹೊಟ್ಟೆ ಸವರುತ್ತ ಎದ್ದಳು.

“ಬೇರೆ ಯಾರಾದ್ರೂ ಆಗಿರು ಕಂದಾ,” ಎನ್ನುತ್ತ ಗಂಡನ ಹಿಂದೆ ನಡೆದಳು.